ಹೂಡಿಕೆ ತಾನಾಗಿ ನಡೆಯುತ್ತದೆ, ರಿಟರ್ನ್ ತಾನಾಗಿ ಹೋಗುವುದಿಲ್ಲ

ಕಳೆದ ಡಿಸೆಂಬರ್ ಎರಡನೇ ವಾರದಲ್ಲಿ ದೇರಳಕಟ್ಟೆ ಕಡೆಯ ಒಬ್ಬ ಯುವಕನ ಮೊಬೈಲಿಗೆ ಆದಾಯ ತೆರಿಗೆ ಇಲಾಖೆಯ ಒಂದು ಸಂದೇಶ ಬಂತು. ನೀವು ಸಲ್ಲಿಸಿದ ರಿಟರ್ನಿಗೂ ನಮ್ಮಲ್ಲಿರುವ ಮಾಹಿತಿಗೂ ಹೊಂದಾಣಿಕೆ ಇಲ್ಲ, ಪರಿಶೀಲಿಸಿ ಎಂಬುದು ಅದರ ತಾತ್ಪರ್ಯ. ಬೆಂಗಳೂರಿನಲ್ಲಿ ಐಟಿ ಕೆಲಸ, ವರ್ಷಕ್ಕೆ 9 ಲಕ್ಷ ರೂ. ಸಂಬಳ. ಕಂಪನಿಯೇ ತೆರಿಗೆ ಹಿಡಿದುಕೊಂಡಿತ್ತು. ಸಂಬಳದ ಲೆಕ್ಕ ತೋರಿಸಿ ಐಟಿಆರ್-1 ತಾನೇ ತುಂಬಿ ಕಳಿಸಿದ್ದ. ಇನ್ನೆಂತದು ಬಾಕಿ?

ಇಲಾಖೆಯ ತಾಣದಲ್ಲಿ ತನ್ನ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ತೆರೆದು ನೋಡಿದಾಗ ಅವನ ಎದೆ ಧಸಕ್ಕೆಂದಿತು. ಮ್ಯೂಚುವಲ್ ಫಂಡ್ ಮಾರಾಟ: 4.06 ಲಕ್ಷ ರೂ. ಅವನು ಎರಡು ವರ್ಷದಲ್ಲಿ ಹಾಕಿದ್ದೇ ಒಟ್ಟು 2.40 ಲಕ್ಷ. ತಂಗಿಯ ನಿಕಾಹಿಗೆಂದು ಎಲ್ಲವನ್ನೂ ಮಾರಿದಾಗ ಕೈಗೆ ಬಂದದ್ದು 2.86 ಲಕ್ಷ. ಹಾಗಾದರೆ 4.06 ಲಕ್ಷ ಎಲ್ಲಿಂದ ಬಂತು? ಯಾರೋ ತನ್ನ ಪಾನ್ ಬಳಸಿ ವಂಚಿಸಿದ್ದಾರೆ ಎಂದೇ ಅವನಿಗೆ ಅನಿಸಿತು. ಉಮ್ಮನಿಗೆ ಇಷ್ಟೇ ಗೊತ್ತಾದದ್ದು: ಮದುವೆಗೆ ತೆಗೆದ ದುಡ್ಡಿಗೆ ಈಗ ಗವರ್ಮೆಂಟಿನವರು ಕೇಳ್ತಿದ್ದಾರೆ. "ಎಂತ ಮೋನೆ ಇದು, ಹಲಾಲಿನ ದುಡ್ಡಲ್ಲವಾ?" ಎಂದು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ.

ಮೂರನೇ ದಿನ ಅವನು ಮಂಗಳೂರಿನ ಹಂಪನಕಟ್ಟೆಯಲ್ಲಿ ಒಬ್ಬ ಲೆಕ್ಕ ಪರಿಶೋಧಕರ ಮುಂದೆ ಕೂತಿದ್ದ. ಈ ಲೇಖನ ಹುಟ್ಟಿದ್ದು ಆ ಮೇಜಿನ ಮೇಲಿದ್ದ ಕಾಗದಗಳಿಂದ. ಇದು ಅವನೊಬ್ಬನ ಕತೆ ಅಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇಂದು ಪ್ರತಿ ತಿಂಗಳು 5ನೇ ತಾರೀಕಿಗೋ 10ನೇ ತಾರೀಕಿಗೋ ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಹೋಗುತ್ತದೆ. ಯಾವ ಫಂಡ್, ಎಷ್ಟು, ಯಾವಾಗ ಬದಲಿಸುವುದು ಎಂಬುದನ್ನೆಲ್ಲ ಆ್ಯಪ್ ನೋಡಿಕೊಳ್ಳುತ್ತದೆ. ಹುಡುಗರು ಅದಕ್ಕೆ 'ರೋಬೋ' ಅನ್ನುತ್ತಾರೆ. ಬಡ್ಡಿಯ ವ್ಯವಹಾರ ಬೇಡ ಎನ್ನುವವರಿಗೆ ಟಾಟಾ ಎಥಿಕಲ್, ಟಾರಸ್ ಎಥಿಕಲ್‌ನಂಥ ಫಂಡ್‌ಗಳಿವೆ, ಶರಿಯಾ ಸೂಚ್ಯಂಕದ ಇಟಿಎಫ್ ಇದೆ. ಹಾಗಾಗಿ ಹಿಂದೆ ಷೇರು ಎಂದರೆ ದೂರ ನಿಲ್ಲುತ್ತಿದ್ದ ಮನೆಗಳೂ ಈಗ ಇದರಲ್ಲಿವೆ. ಒಂದು ವಿಷಯ ಮೊದಲೇ ಹೇಳಿಬಿಡುವೆ: ಫಂಡ್ ಶರಿಯಾ ಪ್ರಕಾರದ್ದು ಎಂಬ ಕಾರಣಕ್ಕೆ ತೆರಿಗೆಯ ನಿಯಮ ಬೇರೆಯಾಗುವುದಿಲ್ಲ.

ಇನ್ನು ಆ 4.06 ಲಕ್ಷದ ಗುಟ್ಟಿಗೆ ಬರೋಣ.

ಹುಡುಗ 2023ರ ಜನವರಿಯಿಂದ 2024ರ ಡಿಸೆಂಬರ್‌ವರೆಗೆ ತಿಂಗಳಿಗೆ 10,000ದಂತೆ 24 ಕಂತು ಕಟ್ಟಿದ್ದ. ಅವನ ಪಾಲಿಗೆ ಅದು ಒಂದು ಹೂಡಿಕೆ. ಕಾನೂನಿನ ಪಾಲಿಗೆ ಅದು 24 ಬೇರೆ ಬೇರೆ ಖರೀದಿ. ಪ್ರತಿ ಕಂತಿಗೂ ಅದರದ್ದೇ ತಾರೀಕು, ಅದರದ್ದೇ ದರ. ಮಾರುವಾಗ ಮೊದಲು ಕೊಂಡ ಯೂನಿಟ್ ಮೊದಲು ಹೋಯಿತು ಎಂದು ಲೆಕ್ಕ. ಷೇರು ಆಧಾರಿತ ಫಂಡ್‌ನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟ ಯೂನಿಟ್‌ನ ಲಾಭ ದೀರ್ಘಾವಧಿಯದ್ದು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯದ್ದು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ವರ್ಷದಲ್ಲಿ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದ್ದಕ್ಕೆ ಶೇ. 12.5. ಅಲ್ಪಾವಧಿಗೆ ಶೇ. 20, ಅದೂ ಮೊದಲ ರೂಪಾಯಿಯಿಂದಲೇ. ಎರಡಕ್ಕೂ ಮೇಲೆ ಶೇ. 4 ಸೆಸ್.

"ಮಧ್ಯದಲ್ಲಿ ಫಂಡ್ ಬದಲಿಸಿದ್ದೀರಾ?" ಎಂದು ಸಿಎ ಕೇಳಿದರು.

"ಇಲ್ಲ ಸರ್, ನಾನು ಎಂತದೂ ಮಾಡ್ಲಿಲ್ಲ."

"ಇಲ್ಲಿ ಉಂಟಲ್ಲ, 2024 ಸೆಪ್ಟೆಂಬರ್ 20?"

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. "ಆ್ಯಪಿನಿಂದ ಒಂದು ಮೆಸೇಜ್ ಬಂದಿತ್ತು, ಫಂಡ್ ಹಿಂದೆ ಬಿದ್ದಿದೆ, ಬದಲಿಸುತ್ತೇವೆ ಅಂತ. ಒಟಿಪಿ ಕೇಳಿತು, ಕೊಟ್ಟೆ. ಅದು ಮಾರಿದ್ದಲ್ಲ ಸರ್, ದುಡ್ಡು ನನ್ನ ಕೈಗೆ ಬರ್ಲಿಲ್ಲ."

ಎಡವಟ್ಟಾದದ್ದು ಅಲ್ಲೇ. ದುಡ್ಡು ಕೈಗೆ ಬರದಿದ್ದರೂ ಒಂದು ಫಂಡ್‌ನಿಂದ ಇನ್ನೊಂದಕ್ಕೆ ಹೋಗುವುದು ಕಾನೂನಿನ ಕಣ್ಣಲ್ಲಿ ಒಂದು ಮಾರಾಟ ಮತ್ತು ಒಂದು ಹೊಸ ಖರೀದಿ. ಅಂದು ಆ್ಯಪ್ ಮೊದಲ ಎಂಟು ಕಂತಿನ ಯೂನಿಟ್‌ಗಳನ್ನು 1.20 ಲಕ್ಷಕ್ಕೆ ಮಾರಿ, ಅದೇ ಹಣದಲ್ಲಿ ಬೇರೆ ಫಂಡ್ ಕೊಂಡಿತ್ತು. 2025ರ ಜನವರಿ 20ರಂದು ಹುಡುಗ ಎಲ್ಲವನ್ನೂ 2.86 ಲಕ್ಷಕ್ಕೆ ಮಾರಿದ. 1.20ಕ್ಕೆ 2.86 ಸೇರಿಸಿ ನೋಡಿ, 4.06. ವಂಚನೆಯೂ ಇಲ್ಲ, ಇಲಾಖೆಯ ತಪ್ಪೂ ಇಲ್ಲ. ಒಂದೇ ಹಣ ಎರಡು ಸಲ ಮಾರಾಟವಾಗಿತ್ತು, ಅಷ್ಟೆ.

ಸಿಎ ಒಂದು ಹಾಳೆಯ ಹಿಂಭಾಗದಲ್ಲಿ ಲೆಕ್ಕ ಹಾಕಿ ತೋರಿಸಿದರು. ಸೆಪ್ಟೆಂಬರಿನಲ್ಲಿ ಮಾರಿದ ಎಂಟು ಕಂತಿನ ಅಸಲು 80,000. ಲಾಭ 40,000, ಎಲ್ಲವೂ ವರ್ಷ ದಾಟಿದ್ದು, ಹಾಗಾಗಿ ದೀರ್ಘಾವಧಿ. 2023ರ ಸೆಪ್ಟೆಂಬರ್‌ನಿಂದ 2024ರ ಜನವರಿವರೆಗಿನ ಐದು ಕಂತು ಜನವರಿಯಲ್ಲಿ ಮಾರಿದಾಗ 11,000 ಲಾಭ, ಇದೂ ದೀರ್ಘಾವಧಿ. ನಂತರದ ಹನ್ನೊಂದು ಕಂತು ವರ್ಷ ತುಂಬದವು, ಅವುಗಳಲ್ಲಿ 4,000 ಅಲ್ಪಾವಧಿ ಲಾಭ. ಉಳಿದದ್ದು ಆ್ಯಪ್ ಹೊಸದಾಗಿ ಕೊಂಡ 1.20 ಲಕ್ಷದ ಯೂನಿಟ್. ಅದಕ್ಕೆ ವಯಸ್ಸು ನಾಲ್ಕೇ ತಿಂಗಳು. ಆ ಹೊತ್ತಿಗೆ ಮಾರುಕಟ್ಟೆ ಇಳಿದಿತ್ತು, 1.11 ಲಕ್ಷಕ್ಕೆ ಹೋಯಿತು. 9,000 ಅಲ್ಪಾವಧಿ ನಷ್ಟ.

ಈಗ ಕೂಡಿಸಿ ಕಳೆಯಿರಿ. ದೀರ್ಘಾವಧಿ ಲಾಭ 51,000. ಅಲ್ಪಾವಧಿಯಲ್ಲಿ ನಾಲ್ಕು ಸಾವಿರ ಲಾಭಕ್ಕೆ ಒಂಬತ್ತು ಸಾವಿರ ನಷ್ಟ, ಉಳಿದ ನಷ್ಟ 5,000. ಅಲ್ಪಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲೂ ಕಳೆಯಬಹುದು (ದೀರ್ಘಾವಧಿ ನಷ್ಟವನ್ನು ಅಲ್ಪಾವಧಿ ಲಾಭದಲ್ಲಿ ಕಳೆಯಲಿಕ್ಕಾಗದು). ಕೊನೆಗೆ ಉಳಿದದ್ದು 46,000, ಅಂದರೆ ಅವನ ಕೈಗೆ ಬಂದ ನಿಜವಾದ ಲಾಭ ಎಷ್ಟೋ ಅಷ್ಟೇ. 1.25 ಲಕ್ಷದ ಒಳಗೆ ಇರುವುದರಿಂದ ತೆರಿಗೆ ಸೊನ್ನೆ.

"ತೆರಿಗೆಯೇ ಇಲ್ಲ ಅಂದ ಮೇಲೆ ತೋರಿಸುವುದು ಯಾಕೆ ಸರ್?" ಹುಡುಗನಿಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ಈ ಪ್ರಶ್ನೆ ನಮ್ಮಲ್ಲಿ ಎಲ್ಲರದ್ದು. ಫಂಡ್ ಸಂಸ್ಥೆ ಇಲಾಖೆಗೆ ಕಳಿಸುವುದು ನಿಮ್ಮ ಮಾರಾಟದ ವಿವರ. ನಿಮ್ಮ ತೆರಿಗೆಯ ಲೆಕ್ಕವನ್ನು ಅದು ನಿಮ್ಮ ಪರವಾಗಿ ಹಾಕಿ ಕೊಡುವುದಿಲ್ಲ. ಸೊನ್ನೆ ಎಂದು ಹೇಳಬೇಕಾದದ್ದು ನೀವು, ರಿಟರ್ನಿನಲ್ಲಿ. ಊರಿನಲ್ಲಿ ವಾಸ ಇರುವವರು ಫಂಡ್ ಮಾರಿದರೆ ಲಾಭದಿಂದ ಟಿಡಿಎಸ್ ಹಿಡಿಯುವುದಿಲ್ಲ. ಹಾಗಾಗಿ ಪೂರ್ತಿ ಹಣ ಖಾತೆಗೆ ಬರುತ್ತದೆ, ತೆರಿಗೆ ಇಲ್ಲ ಎಂಬ ಭ್ರಮೆಯೂ ಅದರೊಂದಿಗೇ ಬರುತ್ತದೆ. ಇನ್ನೊಂದು, ನಷ್ಟ ತೋರಿಸದಿದ್ದರೆ ನಷ್ಟ ನಿಮ್ಮದೇ. ಗಡುವಿನೊಳಗೆ ರಿಟರ್ನ್ ಹಾಕಿದವರು ಹೊಂದಿಕೆಯಾಗದ ನಷ್ಟವನ್ನು ಮುಂದಿನ ಎಂಟು ವರ್ಷದವರೆಗೆ ಕೊಂಡೊಯ್ಯಬಹುದು. ತಡವಾಗಿ ಹಾಕಿದರೆ ಆ ಹಕ್ಕು ಹೋಗುತ್ತದೆ.

ಇವನ ಅದೃಷ್ಟಕ್ಕೆ ಹೊಸ ಫಂಡ್ ಇಳಿದಿತ್ತು ಅನ್ನಬೇಕೋ ಏನೋ! 1.20 ಲಕ್ಷ ಏರಿ 1.32 ಲಕ್ಷ ಆಗಿದ್ದರೆ ಅಲ್ಪಾವಧಿ ಲಾಭ ಒಟ್ಟು 16,000 ಆಗಿ, ಸೆಸ್ ಸೇರಿ 3,328 ರೂ. ತೆರಿಗೆ ಬೀಳುತ್ತಿತ್ತು. ಆ್ಯಪ್ ಸುಮ್ಮನೆ ಇದ್ದಿದ್ದರೆ ಆ ಎಂಟು ಕಂತು ಹಳೆಯ ಫಂಡ್‌ನಲ್ಲೇ ದೀರ್ಘಾವಧಿಯಾಗಿ ಉಳಿದಿರುತ್ತಿತ್ತು. ಪ್ರತಿ ಬದಲಾವಣೆಯೊಂದಿಗೆ 12 ತಿಂಗಳ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಒಟಿಪಿ ಒತ್ತುವ ಮೊದಲು ಇದನ್ನು ಯಾವ ಆ್ಯಪ್ ದೊಡ್ಡ ಅಕ್ಷರದಲ್ಲಿ ಹೇಳುತ್ತದೆ? ನನಗಂತೂ ಕಾಣಲಿಲ್ಲ.

ಇದೇ ಜಾತಿಗೆ ಸೇರಿದ ಇನ್ನೂ ಕೆಲವು ಉಂಟು. ರೆಗ್ಯುಲರ್ ಪ್ಲಾನಿನಿಂದ ಡೈರೆಕ್ಟ್ ಪ್ಲಾನಿಗೆ ಹೋದರೆ ಅದೂ ಮಾರಾಟ, ಫಂಡ್ ಅದೇ ಆಗಿದ್ದರೂ. ಪ್ರತಿ ತಿಂಗಳು ಮನೆ ಖರ್ಚಿಗೆ ಇಷ್ಟು ಎಂದು ತಾನಾಗಿ ಹಿಂತೆಗೆಯುವ ವ್ಯವಸ್ಥೆ ಮಾಡಿದ್ದರೆ ವರ್ಷಕ್ಕೆ 12 ಮಾರಾಟ. ಡಿವಿಡೆಂಡ್ ಕೈಗೆ ಬರದೆ ಅದರಿಂದಲೇ ಮತ್ತೆ ಯೂನಿಟ್ ಕೊಂಡರೂ ಆ ಡಿವಿಡೆಂಡ್ ನಿಮ್ಮ ಆದಾಯ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಚಿನ್ನದ ಫಂಡ್‌ಗೆ ನಿಯಮವೇ ಬೇರೆ, ಅದರ ಲಾಭಕ್ಕೆ 1.25 ಲಕ್ಷದ ವಿನಾಯಿತಿ ಅನ್ವಯಿಸುವುದಿಲ್ಲ. ಆದರೆ ಎರಡು ಸ್ಕೀಮ್‌ಗಳನ್ನು ಫಂಡ್ ಸಂಸ್ಥೆಯೇ ವಿಲೀನ ಮಾಡಿದರೆ ಅದನ್ನು ಮಾರಾಟ ಎಂದು ಎಣಿಸುವುದಿಲ್ಲ.

'12 ಲಕ್ಷದವರೆಗೆ ತೆರಿಗೆ ಇಲ್ಲ' ಎಂಬ ಮಾತನ್ನೂ ಇಲ್ಲಿ ಸ್ವಲ್ಪ ಬಿಡಿಸಬೇಕು. 2025–26ರ ಆದಾಯದಿಂದ ಹೊಸ ಪದ್ಧತಿಯಲ್ಲಿ ಸಿಗುವ ಆ ರಿಬೇಟ್ ಸಂಬಳ, ವ್ಯಾಪಾರದಂಥ ಸಾಮಾನ್ಯ ದರದ ಆದಾಯಕ್ಕೆ. ಶೇ. 20, ಶೇ. 12.5ರಂಥ ವಿಶೇಷ ದರದ ಲಾಭಕ್ಕೆ ಅದು ತಾಗುವುದಿಲ್ಲ. ಸಂಬಳಕ್ಕೆ ಸೊನ್ನೆ ತೆರಿಗೆ ಇರುವ ಹುಡುಗಿಯೊಬ್ಬಳು 10,000 ರೂ. ಅಲ್ಪಾವಧಿ ಲಾಭಕ್ಕೆ 2,080 ಕಟ್ಟಬೇಕಾಗಿ ಬಂದರೆ ಆಶ್ಚರ್ಯ ಪಡಬೇಡಿ. ಬೇರೆ ಆದಾಯವೇ ಇಲ್ಲದ, ಊರಿನಲ್ಲೇ ಇರುವ ಗೃಹಿಣಿಯದ್ದು ಬೇರೆ ಲೆಕ್ಕ. ಹೊಸ ಪದ್ಧತಿಯ 4 ಲಕ್ಷದ ಮೂಲ ಮಿತಿಯಲ್ಲಿ ಖಾಲಿ ಉಳಿದ ಜಾಗಕ್ಕೆ ಆಕೆ ಈ ಲಾಭವನ್ನು ಹೊಂದಿಸಬಹುದು.

ಗೃಹಿಣಿ ಅಂದಾಗ ಗಲ್ಫ್ ಮನೆಗಳ ನೆನಪಾಗುತ್ತದೆ. ದುಬೈಯಿಂದಲೋ ಜುಬೈಲಿನಿಂದಲೋ ಗಂಡ ಕಳಿಸಿದ ಹಣವನ್ನು ಹೆಂಡತಿ ತನ್ನ ಹೆಸರಿನಲ್ಲಿ ಸಿಪ್ ಮಾಡುವುದು ಈಗ ಸಾಮಾನ್ಯ. ಒಳ್ಳೆಯದೇ. ಆದರೆ ಗಂಡ ಸುಮ್ಮನೆ ಕೊಟ್ಟ ಹಣದಿಂದ ಹೆಂಡತಿ ಹೂಡಿದರೆ, ಅದರ ಲಾಭ ಕಾನೂನಿನ ಪ್ರಕಾರ ಗಂಡನ ಆದಾಯಕ್ಕೆ ಸೇರುತ್ತದೆ. ಎಐಎಸ್‌ನಲ್ಲಿ ಬರುವುದು ಹೆಂಡತಿಯ ಪಾನ್ ಅಡಿಯಲ್ಲಿ, ತೋರಿಸಬೇಕಾದದ್ದು ಗಂಡನ ರಿಟರ್ನಿನಲ್ಲಿ. ಅವನು ಅನಿವಾಸಿಯಾದರೆ ಆಗಲೇ ಹೇಳಿದ 4 ಲಕ್ಷದ ಹೊಂದಾಣಿಕೆಯೂ ಈ ಲಾಭಕ್ಕೆ ಸಿಗದು. ಬಾಪ ಕೊಟ್ಟದ್ದು, ತವರಿನ ಆಸ್ತಿಯಲ್ಲಿ ಪಾಲು ಬಂದದ್ದು, ಅವಳೇ ಟ್ಯೂಷನ್ ಹೇಳಿ, ಹೊಲಿದು ಗಳಿಸಿದ್ದು, ಇದರಿಂದ ಮಾಡಿದ ಹೂಡಿಕೆ ಅವಳದ್ದೇ, ಲಾಭವೂ ಅವಳದ್ದೇ. ಆದ್ದರಿಂದ ಎರಡು ಬಗೆಯ ಹಣವನ್ನು ಒಂದೇ ಖಾತೆಯಲ್ಲಿ ಕಲಸಬೇಡಿ. ಹತ್ತು ವರ್ಷದ ನಂತರ ಯಾವುದು ಯಾರದ್ದು ಎಂದು ಹೇಳಲಿಕ್ಕೆ ಕಾಗದ ಬೇಕಾಗುತ್ತದೆ. ಸಣ್ಣ ಮಕ್ಕಳ ಹೆಸರಿನ ಹೂಡಿಕೆಯ ಆದಾಯ ತಂದೆ ತಾಯಿಯಲ್ಲಿ ಹೆಚ್ಚು ಆದಾಯ ಇರುವವರಿಗೆ ಸೇರುತ್ತದೆ.

ಗಲ್ಫಿಗೆ ಹೋದವರದ್ದು ಇನ್ನೊಂದು ಮರೆವು. ಊರಿನಲ್ಲಿದ್ದಾಗ ಶುರು ಮಾಡಿದ ಸಿಪ್, ವೀಸಾ ಸಿಕ್ಕಿ ವಿಮಾನ ಹತ್ತಿದ ಮೇಲೂ ಹಳೆಯ ಉಳಿತಾಯ ಖಾತೆಯಿಂದ ತಾನಾಗಿ ಹೋಗುತ್ತಲೇ ಇರುತ್ತದೆ. ಯಾರೂ ನಿಲ್ಲಿಸುವುದಿಲ್ಲ, ಯಾರೂ ಕೇಳುವುದಿಲ್ಲ. ಅನಿವಾಸಿಯಾದ ಮೇಲೆ ಆ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಫಂಡ್‌ನ ಕೆವೈಸಿಯಲ್ಲೂ ಸ್ಥಿತಿ ಬದಲಿಸಬೇಕು. ಬದಲಿಸಿದ ಮೇಲೆ ಮಾರಿದರೆ ಫಂಡ್ ಸಂಸ್ಥೆಯೇ ಲಾಭದ ಮೇಲೆ ತೆರಿಗೆ ಹಿಡಿದು ಉಳಿದದ್ದನ್ನು ಕೊಡುತ್ತದೆ. ಹಿಡಿದದ್ದು ನಿಜವಾದ ತೆರಿಗೆಗಿಂತ ಹೆಚ್ಚಾಗಿದ್ದರೆ ವಾಪಸ್ ಪಡೆಯಲು ಇರುವ ದಾರಿ ರಿಟರ್ನ್ ಒಂದೇ. ಅನಿವಾಸಿಗಳಿಗೆ ಐಟಿಆರ್-1 ನಡೆಯುವುದಿಲ್ಲ, ಫಂಡ್ ಮಾರಿದವರಿಗೆ ಸಾಮಾನ್ಯವಾಗಿ ಐಟಿಆರ್-2.

ಯುಎಇಯಲ್ಲಿ ಇರುವವರು ಒಂದು ಸಂಗತಿ ತಿಳಿದಿರಬೇಕು. ಭಾರತ–ಯುಎಇ ನಡುವಿನ ತೆರಿಗೆ ಒಪ್ಪಂದದಲ್ಲಿ ಷೇರಿನ ಲಾಭಕ್ಕೆ ಪ್ರತ್ಯೇಕ ಮಾತಿದೆ. ಮ್ಯೂಚುವಲ್ ಫಂಡ್ ಯೂನಿಟ್ ಷೇರು ಅಲ್ಲ, ಆದ್ದರಿಂದ ಅದರ ಲಾಭಕ್ಕೆ ವಾಸದ ದೇಶದಲ್ಲಷ್ಟೇ ತೆರಿಗೆ ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಕೊಚ್ಚಿ ಪೀಠ 2019ರಲ್ಲಿ ಅಲ್ಲಿನ ಒಬ್ಬ ನಿವಾಸಿಯ ಪರವಾಗಿ ತೀರ್ಪು ಕೊಟ್ಟಿದೆ. ಇದನ್ನು ಕೇಳಿ ರಿಟರ್ನ್ ಹಾಕುವುದೇ ಬೇಡ ಎಂದು ಕೂರಬಾರದು. ಈ ಲಾಭ ಬೇಕಾದರೆ ಯುಎಇಯ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು, 10ಎಫ್ ನಮೂನೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು, ರಿಟರ್ನಿನಲ್ಲಿ ಲಾಭ ತೋರಿಸಿಯೇ ಒಪ್ಪಂದದ ವಿನಾಯಿತಿ ಕೇಳಬೇಕು. ಇಲಾಖೆ ಪ್ರಶ್ನಿಸಲೂಬಹುದು, ಆದ್ದರಿಂದ ದೊಡ್ಡ ಮೊತ್ತವಾದರೆ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಬೇರೆ ದೇಶಗಳ ಒಪ್ಪಂದದ ಮಾತು ಬೇರೆ ಬೇರೆ. ಸೌದಿಯಲ್ಲಿರುವ ಕಾಕ ದುಬೈಯಲ್ಲಿರುವ ತಮ್ಮನ ರಿಟರ್ನ್ ನೋಡಿ ನಕಲು ಮಾಡುವುದು ಬೇಡ.

ಕಾಗದದ ವಿಷಯಕ್ಕೆ ಬಂದರೆ, ಆ್ಯಪ್ ಕೊಡುವ ಲಾಭದ ಪಟ್ಟಿಯನ್ನೇ ನೆಚ್ಚಿಕೊಳ್ಳುವುದು ಸಾಲದು. ಆ ಆ್ಯಪ್ ಮೂಲಕ ಮಾಡಿದ್ದು ಮಾತ್ರ ಅದರಲ್ಲಿ ಇರಬಹುದು, ಮೊದಲು ಬ್ಯಾಂಕಿನಲ್ಲೋ ಏಜೆಂಟರ ಮೂಲಕವೋ ಮಾಡಿದ್ದು ಬಿಟ್ಟುಹೋಗಬಹುದು. ಫಂಡ್‌ಗಳ ದಾಖಲೆ ಇಟ್ಟುಕೊಳ್ಳುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ತಾಣಗಳಲ್ಲಿ ಪಾನ್ ಹಾಕಿ ಕೇಳಿದರೆ ಬಂಡವಾಳ ಲಾಭದ ಪಟ್ಟಿ ಇಮೇಲಿಗೆ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಅದನ್ನು ಎಐಎಸ್ ಜೊತೆ ಇಟ್ಟು ನೋಡಿ. ಎಐಎಸ್‌ನಲ್ಲಿ ತಪ್ಪು ಕಂಡರೆ ಅಲ್ಲೇ ಆ ಸಾಲಿನ ಮೇಲೆ ನಿಮ್ಮ ಪ್ರತಿಕ್ರಿಯೆ ದಾಖಲಿಸಲು ಅವಕಾಶವಿದೆ. ಕಳೆದ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಆದರೆ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ 1961ರ ಹಳೆಯ ಕಾಯ್ದೆಯ ಲೆಕ್ಕವೇ.

ಹಿಂದಿನ ವರ್ಷಗಳಲ್ಲಿ ಬಿಟ್ಟುಹೋದವರಿಗೂ ದಾರಿ ಇದೆ. ಅಸೆಸ್‌ಮೆಂಟ್ ವರ್ಷ ಮುಗಿದು ನಾಲ್ಕು ವರ್ಷದವರೆಗೆ ಐಟಿಆರ್-ಯು ಹಾಕಬಹುದು. ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇ. 25, ಎರಡನೇ ವರ್ಷ ಶೇ. 50, ಮತ್ತೆ 60, 70 ಹೀಗೆ ಹೆಚ್ಚುವರಿ ಕಟ್ಟಬೇಕು. ರೀಫಂಡ್ ಕೇಳಲಿಕ್ಕೆ ಅದು ನಡೆಯುವುದಿಲ್ಲ.

ನಮ್ಮ ಹುಡುಗನಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಆ ವರ್ಷದ ರಿಟರ್ನ್ ಪರಿಷ್ಕರಿಸಲು ಡಿಸೆಂಬರ್ 31ರವರೆಗೆ ಸಮಯ ಇತ್ತು. ಐಟಿಆರ್-1ರಲ್ಲಿ ಈಗ 1.25 ಲಕ್ಷದೊಳಗಿನ ದೀರ್ಘಾವಧಿ ಲಾಭ ತೋರಿಸಲು ಜಾಗ ಇದೆಯಾದರೂ, ಅಲ್ಪಾವಧಿಯ ಒಂದು ರೂಪಾಯಿ ಇದ್ದರೂ ಅದು ಸಾಲದು. ಹಾಗಾಗಿ ಐಟಿಆರ್-2ರಲ್ಲಿ ಪರಿಷ್ಕೃತ ರಿಟರ್ನ್ ತಯಾರಾಯಿತು.

ಎಲ್ಲ ಮುಗಿಯಿತು ಎನ್ನುವಾಗ ಸಿಎ ಎಐಎಸ್‌ನ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಸಿಪ್ ಹೋಗುತ್ತಿದ್ದ ಉಳಿತಾಯ ಖಾತೆಗೆ ವರ್ಷದಲ್ಲಿ 3,800 ರೂ. ಬಡ್ಡಿ ಬಂದಿತ್ತು. ಇದೂ ರಿಟರ್ನಿನಲ್ಲಿ ಇರಲಿಲ್ಲ.

"ಅದು ನಾವು ಮುಟ್ಟುದಿಲ್ಲ ಸರ್. ಬಂದ ಹಾಗೆ ಬೇರೆಯವರಿಗೆ ಕೊಟ್ಟಾಗಿದೆ."

ನಮ್ಮಲ್ಲಿ ಹೀಗೆ ಮಾಡುವವರು ಬಹಳ. ಕೆಲವರು ಫಂಡ್‌ನ ಲಾಭದಲ್ಲೂ ಸಂಶಯದ ಅಂಶ ಎಷ್ಟೆಂದು ಲೆಕ್ಕ ಹಾಕಿ ಅಷ್ಟನ್ನು ದಾನ ಮಾಡಿಬಿಡುತ್ತಾರೆ. ಅದು ಅವರ ಮತ್ತು ಅಲ್ಲಾಹನ ನಡುವಿನ ವಿಷಯ. ಖಾತೆಗೆ ಬಂದ ಮೇಲೆ ಕೊಟ್ಟದ್ದು ಯಾರಿಗೆ, ಇಟ್ಟುಕೊಂಡದ್ದು ಎಷ್ಟು ಎಂದು ತೆರಿಗೆ ಕಾಯ್ದೆ ಕೇಳುವುದಿಲ್ಲ. ಬಂದದ್ದು ಆದಾಯ. ದಾನ ಮಾಡಿದ ಅಂಶವನ್ನು ಲಾಭದಿಂದ ಕಳೆದು ತೋರಿಸಲಿಕ್ಕೂ ಅವಕಾಶವಿಲ್ಲ.

3,800ಕ್ಕೆ ಅವನ ಸ್ಲ್ಯಾಬಿನಲ್ಲಿ ಶೇ. 10, ಸೆಸ್ ಸೇರಿ ಹತ್ತಿರ ಹತ್ತಿರ 400 ರೂ. ಎರಡು ವರ್ಷದ ಹೂಡಿಕೆ, ನಾಲ್ಕು ಲಕ್ಷದ ಮಾರಾಟ, ಎರಡು ರಾತ್ರಿಯ ನಿದ್ದೆಗೇಡು, ಕೊನೆಗೆ ತೆರಿಗೆ ಬಿದ್ದದ್ದು ತಾನು ಮುಟ್ಟದ ಬಡ್ಡಿಗೆ. ಹುಡುಗ ನಗುತ್ತಲೇ ಮೊಬೈಲಿನಲ್ಲಿ ಚಲನ್ ಕಟ್ಟಿದ. ಸಿಎ ಫೀಸು ಅದಕ್ಕಿಂತ ಜಾಸ್ತಿಯಾಯಿತು. ಕೆಳಗೆ ಇಳಿಯುವಾಗ ಉಮ್ಮನ ಫೋನ್ ಬಂತು. "ಎಲ್ಲ ಸರಿಯಾಯ್ತು ಉಮ್ಮ, ನಾನ್ನೂರು ರುಪಾಯಿ" ಅಂದ. ಆ ಕಡೆಯಿಂದ ಏನು ಹೇಳಿದರೋ, ಮೆಟ್ಟಿಲ ಮೇಲೆಯೇ ನಿಂತು ಆ್ಯಪ್ ತೆರೆದು, ಫಂಡ್ ತಾನಾಗಿ ಬದಲಿಸುವ ಸೌಲಭ್ಯವನ್ನು ಬಂದ್ ಮಾಡಿದ. ಸಿಪ್ ಮಾತ್ರ ಈಗಲೂ ನಡೆಯುತ್ತಿದೆ, ಪ್ರತಿ ತಿಂಗಳು 5ಕ್ಕೆ.